ಮಳೆಯನ್ನು ತಪ್ಪಿಸಿ ನೋಡಿದ ಓಕ್ ಕಾಡು: ಪ್ರಾದೆಸ್ ಬೆಟ್ಟದ ಪ್ರಕರಣ

ಸ್ಪೇನಿನ ಕ್ಯಾಟಲೋನಿಯಾದ ದಕ್ಷಿಣ ಭಾಗದಲ್ಲಿ ಪ್ರಾದೆಸ್ ಬೆಟ್ಟಸಾಲು ಇದೆ. ಅದರ ಬುಡದಲ್ಲಿರುವ ಪೊಬ್ಲೆತ್ ಮಠ 1991ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಮಠದಿಂದ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 930 ಮೀಟರ್ ಎತ್ತರದ ದಕ್ಷಿಣಮುಖದ ಇಳಿಜಾರಿನಲ್ಲಿ ಒಂದು ದಟ್ಟ ಓಕ್ ಕಾಡಿದೆ. 1999ರ ಮಾರ್ಚ್‌ನಲ್ಲಿ ಆ ಕಾಡಿನ ನಾಲ್ಕು ತುಂಡುಗಳಿಗೆ ಬೀಳುವ ಮಳೆಯಲ್ಲಿ ಒಂದು ಪಾಲನ್ನು ಬೇಕೆಂದೇ ತಪ್ಪಿಸುವ ಕೆಲಸ ಶುರುವಾಯಿತು. ಹವೆ ಒಣಗುತ್ತಾ ಹೋದರೆ ಓಕ್ ಕಾಡು ಏನಾಗುತ್ತದೆ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಅಳೆದು ಕೊಟ್ಟ ಉತ್ತರಗಳು ಜಗತ್ತಿನಲ್ಲಿ ಕೆಲವೇ ಇವೆ, ಅವುಗಳಲ್ಲಿ ಇದೊಂದು. ರೋಮಾ ಒಗಾಯಾ, ಜೋಸೆಪ್ ಪೆನ್ಯುವೆಲಾಸ್ ಮತ್ತು ಅವರ ಸಂಗಡಿಗರು ನಡೆಸಿದ ಈ ಪ್ರಯೋಗದ ಫಲಿತಾಂಶ ಒಂದೇ ಸಾಲಿನಲ್ಲಿ ಹೇಳುವಂಥದ್ದಲ್ಲ. ಮೊದಲ ವರ್ಷಗಳಲ್ಲಿ ಕಂಡದ್ದಕ್ಕೂ ಹತ್ತು ವರ್ಷದ ನಂತರ ಕಂಡದ್ದಕ್ಕೂ ಹೊಂದಿಕೆಯಾಗುವುದಿಲ್ಲ. ಪ್ರಕರಣದ ಸ್ವಾರಸ್ಯವೂ ಅಲ್ಲೇ ಇದೆ.

ಕಾಡು ಎಂಥದ್ದು

ಇಲ್ಲಿನ ಮುಖ್ಯ ಮರ ಹೋಮ್ ಓಕ್. ಸಸ್ಯಶಾಸ್ತ್ರದ ಹೆಸರು ಕ್ವೆರ್ಕಸ್ ಐಲೆಕ್ಸ್, ಕ್ಯಾಟಲನ್ ಭಾಷೆಯಲ್ಲಿ ಅಲ್ಸಿನಾ. ಓಕ್ ಎಂದರೆ ಚಳಿಗಾಲಕ್ಕೆ ಮುಂಚೆ ಎಲೆಯೆಲ್ಲ ಉದುರಿಸುವ ಮರವೆಂದು ತಿಳಿದವರಿಗೆ ಇದು ಬೇರೆಯೇ ಜಾತಿ ಎನಿಸೀತು. ಇದು ವರ್ಷವಿಡೀ ಹಸಿರು. ಎಲೆ ಚಿಕ್ಕದು, ತೊಗಲಿನಷ್ಟು ಗಡುಸು, ಅಡಿಯಲ್ಲಿ ಬೂದುಬಣ್ಣದ ರೋಮ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮಳೆ ಕಾಣದ ಮೆಡಿಟರೇನಿಯನ್ ಹವೆಗೆಂದೇ ರೂಪುಗೊಂಡ ಮರ ಇದು. ಒಣಹವೆಗೆ ಬಗ್ಗದು ಎಂದು ಹೆಸರಾದ ಮರವೇ ಒಣಗುತ್ತದೆ ಎಂದಾಗ ಕಾರಣವನ್ನು ಬರೀ ಬಿಸಿಲಿನಲ್ಲಿ ಹುಡುಕಿದರೆ ಸಾಲದು.

ಹೋಮ್ ಓಕ್ ಜೊತೆ ಇನ್ನೆರಡು ಜಾತಿಗಳಿವೆ. ಆಲಿವ್ ಕುಟುಂಬದ ಫಿಲಿರಿಯಾ ಲ್ಯಾಟಿಫೋಲಿಯಾ ಒಂದು, ಕೆಂಪು ಹಣ್ಣಿನ ಅರ್ಬ್ಯೂಟಸ್ ಉನೆಡೊ ಇನ್ನೊಂದು. ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್, ಮಳೆ 600 ಮಿ.ಮೀ.ಗಿಂತ ತುಸು ಹೆಚ್ಚು. ನೆಲ ಪದರುಪದರಾದ ಶಿಸ್ಟ್ ಬಂಡೆ. ಅದರ ಮೇಲೆ 35ರಿಂದ 90 ಸೆಂ.ಮೀ. ಮಣ್ಣು, ಅಷ್ಟೆ.

ಕಾಡಿನ ಇತಿಹಾಸ ಬಿಟ್ಟರೆ ಪ್ರಕರಣ ಅರ್ಥವಾಗುವುದಿಲ್ಲ. ಇದು ಇದ್ದಿಲಿಗಾಗಿ ಮತ್ತೆ ಮತ್ತೆ ಕಡಿದ ಕಾಡು. ಹೋಮ್ ಓಕನ್ನು ನೆಲಮಟ್ಟಕ್ಕೆ ಕಡಿದರೆ ಸಾಯುವುದಿಲ್ಲ. ಬುಡದ ಗಂಟಿನಿಂದ ಕಬ್ಬಿನ ಕೂಳೆಯಂತೆ ಹಲವು ಚಿಗುರು ಒಟ್ಟಿಗೆ ಏಳುತ್ತವೆ. 20ನೆಯ ಶತಮಾನದ ನಡುಭಾಗದಲ್ಲಿ ಗ್ಯಾಸ್ ಮತ್ತು ಪೆಟ್ರೋಲಿಯಂ ಬಂದು ಇದ್ದಿಲನ್ನು ಕೇಳುವವರಿಲ್ಲವಾದರು, ಕಡಿತ ನಿಂತಿತು. ಎದ್ದ ಚಿಗುರುಗಳೆಲ್ಲ ಕಾಂಡಗಳಾಗಿ ಅಲ್ಲೇ ಉಳಿದವು. ಪ್ರಯೋಗದ ಜಾಗದಲ್ಲಿ ಹೆಕ್ಟೇರಿಗೆ 16 ಸಾವಿರಕ್ಕೂ ಹೆಚ್ಚು ಕಾಂಡಗಳಿದ್ದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓಕ್. ಅಂದರೆ ಒಂದೂವರೆ ಚದರ ಮೀಟರಿಗೆ ಸರಿಸುಮಾರು ಎರಡೂವರೆ ಕಾಂಡ. ಮೇಲೆ ಇಷ್ಟು ಬಾಯಿ, ಕೆಳಗೆ ಅಷ್ಟೇ ಮಣ್ಣು.

ಒಂದು ಸರಳ ಲೆಕ್ಕ ಹಾಕೋಣ. ಮಣ್ಣಿನ ಆಳ 60 ಸೆಂ.ಮೀ., ಬೇರು ಎಳೆದುಕೊಳ್ಳಬಹುದಾದ ನೀರು ಮಣ್ಣಿನ ಗಾತ್ರದ ಶೇ 10 ಎಂದಿಟ್ಟುಕೊಂಡರೆ ಒಟ್ಟು ದಾಸ್ತಾನು 60 ಮಿ.ಮೀ. ಕಾಡು ದಿನಕ್ಕೆ 2 ಮಿ.ಮೀ. ಆವಿಯಾಗಿ ಬಿಟ್ಟರೆ ಮೂವತ್ತೇ ದಿನಕ್ಕೆ ಖಾಲಿ. ಬೇಸಿಗೆ ಇರುವುದು ಮೂರು ತಿಂಗಳು. ಉಳಿದ ದಿನಗಳನ್ನು ಮರ ದಾಟುವುದು ಎರಡು ದಾರಿಯಲ್ಲಿ: ಪತ್ರರಂಧ್ರಗಳನ್ನು ಬಿಗಿಮಾಡಿ ಖರ್ಚು ಇಳಿಸುವುದು, ಬಂಡೆಯ ಬಿರುಕುಗಳಿಗೆ ಇಳಿದ ಬೇರಿನಿಂದ ಆಳದ ನೀರನ್ನು ಎಳೆಯುವುದು. ಎರಡನೆಯದು ಬ್ಯಾಂಕಿನ ಠೇವಣಿ ಇದ್ದ ಹಾಗೆ. ಚಳಿಗಾಲ ಮತ್ತು ವಸಂತದ ಮಳೆ ಅಲ್ಲಿ ಜಮೆಯಾಗದಿದ್ದರೆ ಆಗಸ್ಟಿನಲ್ಲಿ ತೆಗೆಯಲು ಏನೂ ಇರುವುದಿಲ್ಲ.

ಪ್ರಯೋಗದ ಹಿನ್ನೆಲೆ ಮತ್ತು ಕಟ್ಟಿದ ಬಗೆ

1994ರ ಬೇಸಿಗೆಯಲ್ಲಿ ಕ್ಯಾಟಲೋನಿಯಾದ ಅನೇಕ ಹೋಮ್ ಓಕ್ ಕಾಡುಗಳು ಹಸಿರಿನಿಂದ ಕಂದುಬಣ್ಣಕ್ಕೆ ತಿರುಗಿದ್ದವು. ಆಮೇಲೆ ಹಲವೆಡೆ ಚಿಗುರಿದವು, ಕೆಲವೆಡೆ ಇಲ್ಲ. ಅದೇ ಬರದಲ್ಲಿ ಫಿಲಿರಿಯಾ ಹೆಚ್ಚುಕಡಿಮೆ ಹಸಿರಾಗಿಯೇ ನಿಂತಿತ್ತು. ಒಂದು ಬರದ ನಂತರ ಹೋಗಿ ನೋಡಿದರೆ ಯಾವುದು ಸತ್ತಿತೆಂದು ಗೊತ್ತಾಗುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಅದಕ್ಕೇ ಹೋಲಿಕೆಗೆ ತಾಕುಗಳು ಬೇಕಾದವು.

15 ಮೀಟರ್ × 10 ಮೀಟರ್ ಅಳತೆಯ ಎಂಟು ತಾಕುಗಳನ್ನು ಒಂದೇ ಎತ್ತರದಲ್ಲಿ ಗುರುತಿಸಿದರು. ನಾಲ್ಕನ್ನು ಇದ್ದಂತೆಯೇ ಬಿಟ್ಟರು, ನಾಲ್ಕರಲ್ಲಿ ಮಳೆ ತಪ್ಪಿಸಿದರು. ನೆಲದಿಂದ ಅರ್ಧ ಮೀಟರಿನಿಂದ 80 ಸೆಂ.ಮೀ. ಎತ್ತರದಲ್ಲಿ, ಕಾಂಡಗಳ ನಡುವೆ, ಇಳಿಜಾರಿನ ಉದ್ದಕ್ಕೆ ಪಿವಿಸಿ ಪಟ್ಟಿಗಳನ್ನು ಕಟ್ಟಿದರು. ಪಟ್ಟಿಗಳು ತಾಕಿನ ನೆಲದ ಸುಮಾರು ಶೇ 30 ಭಾಗವನ್ನು ಮುಚ್ಚುತ್ತವೆ. ಅವುಗಳ ಮೇಲೆ ಬಿದ್ದ ನೀರು ತಾಕಿನ ಕೆಳಗಂಚು ದಾಟಿ ಹೊರಗೆ ಹೋಗುತ್ತದೆ. ಮೇಲಂಚಿನ ಉದ್ದಕ್ಕೂ 80 ಸೆಂ.ಮೀ.ನಿಂದ ಒಂದು ಮೀಟರ್ ಆಳದ ಕಾಲುವೆ ತೋಡಿ, ಮೇಲಿನ ಇಳಿಜಾರಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿದರು. ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದರೆ 150 ಚದರ ಮೀಟರಿನ ತಾಕಿಗೆ ಬೀಳುವುದು 90 ಘನ ಮೀಟರ್ ನೀರು. ಪಟ್ಟಿಗಳು ತಪ್ಪಿಸುವುದು ಹೆಚ್ಚೆಂದರೆ 27 ಘನ ಮೀಟರ್.

ಕೆಲಸದಲ್ಲಿ ಎಡವುವ ಜಾಗಗಳು ಸಣ್ಣವು, ಆದರೆ ಫಲಿತಾಂಶವನ್ನೇ ಕೆಡಿಸಬಲ್ಲವು. ಪಟ್ಟಿಯ ಮೇಲೆ ಬಿದ್ದ ತರಗೆಲೆಯನ್ನು ಆಗಾಗ ಎತ್ತಿ ಕೆಳಗಿನ ನೆಲಕ್ಕೇ ಹಾಕಬೇಕು. ಹಾಕದಿದ್ದರೆ ನೀರಿನ ಜೊತೆ ಗೊಬ್ಬರವನ್ನೂ ಕಸಿದಂತಾಗಿ, ಬೆಳವಣಿಗೆ ಕುಂದಿದ್ದು ಯಾವುದರಿಂದ ಎಂದು ಹೇಳಲಾಗದು. ಪಟ್ಟಿಯ ಕೆಳಗಿನ ಮಣ್ಣಿಗೆ ನೆರಳು ಸಿಕ್ಕಿ ಅಲ್ಲಿ ಆವಿಯಾಗುವಿಕೆ ಸ್ವಲ್ಪ ತಗ್ಗುತ್ತದೆ. ತಾಕಿನ ಪಕ್ಕದ ಅಂಚುಗಳಲ್ಲಿ ಬೇರು ಹೊರಗಿನ ಒದ್ದೆ ಮಣ್ಣಿಗೆ ಚಾಚಿಕೊಳ್ಳುವುದನ್ನು ತಡೆಯಲಾಗದು. ಬಂಡೆಯ ಬಿರುಕಿನೊಳಗೆ ಮೇಲಿನಿಂದ ಜಿನುಗಿ ಬರುವ ನೀರಿಗಂತೂ ಮೀಟರ್ ಆಳದ ಕಾಲುವೆ ಲೆಕ್ಕಕ್ಕಿಲ್ಲ. ಇವೆಲ್ಲ ಸೇರಿ ಶೇ 30 ಮುಚ್ಚಿಗೆಗೆ ಮಣ್ಣಿನ ತೇವ ಇಳಿದದ್ದು ಸುಮಾರು ಶೇ 15 ಮಾತ್ರ. ಮಳೆಯ ಕೊರತೆಯನ್ನೇ ಮಣ್ಣಿನ ಕೊರತೆ ಎಂದು ಓದುವವರು ಇಲ್ಲೇ ಮೊದಲು ತಪ್ಪುತ್ತಾರೆ.

ಪಟ್ಟಿಗಳಿಂದ ಆಗದ ಇನ್ನೊಂದು ಕೆಲಸವಿದೆ: ಗಾಳಿಯನ್ನು ಒಣಗಿಸುವುದು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ; ಆವಿ ಅಷ್ಟು ಸಿಗದಿದ್ದರೆ ಗಾಳಿ ಎಲೆಯಿಂದಲೇ ಎಳೆಯುತ್ತದೆ. ಪ್ರಾದೆಸ್‌ನ ಎಂಟೂ ತಾಕುಗಳು ಉಸಿರಾಡುವುದು ಒಂದೇ ಗಾಳಿ. ಹಾಗಾಗಿ ಇಲ್ಲಿ ಅಳೆದ ಹಾನಿ ಬರಲಿರುವ ಹಾನಿಯ ಒಂದು ಪಾಲು ಮಾತ್ರ ಎಂದು ಓದುವುದೇ ಸರಿ.

ಅಳತೆಗೆ 25 ಸೆಂ.ಮೀ. ಉದ್ದದ ಉಕ್ಕಿನ ಕಡ್ಡಿಗಳನ್ನು ಮಣ್ಣಿಗೆ ನಾಟಿ ತೇವ ನೋಡಿದರು. ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ 2 ಸೆಂ.ಮೀ.ಗಿಂತ ದಪ್ಪಗಿರುವ ಪ್ರತಿ ಕಾಂಡವನ್ನೂ ಅಳೆದರು. ಎದೆಮಟ್ಟದ ಅಳತೆ ಇಲ್ಲಿ ಒಗ್ಗುವುದಿಲ್ಲ, ಕೂಳೆ ಕಾಂಡಗಳು ಆ ಎತ್ತರಕ್ಕೆ ಮುಂಚೆಯೇ ಕವಲೊಡೆದಿರುತ್ತವೆ. ಬುಟ್ಟಿಗಳಲ್ಲಿ ಉದುರಿದ ಎಲೆ, ಹೂ, ಕಾಯಿ ಹಿಡಿದು ತೂಗಿದರು.

13 ವರ್ಷದ ಲೆಕ್ಕ

ಅರ್ಬ್ಯೂಟಸ್‌ನ ಕಾಂಡದ ಬೆಳವಣಿಗೆ ಶೇ 66.5 ಕುಸಿಯಿತು, ಆದರೆ ಅದರ ಸಾವಿನ ದರ ಏರಲಿಲ್ಲ. ಹೋಮ್ ಓಕ್‌ನ ಬೆಳವಣಿಗೆ ಇಳಿದದ್ದು ಶೇ 17.5, ಕಾಂಡಗಳ ಸಾವಿನ ದರ ಮಾತ್ರ ಶೇ 42.3 ಹೆಚ್ಚಾಯಿತು. ಫಿಲಿರಿಯಾ ಎರಡಕ್ಕೂ ಜಗ್ಗಲಿಲ್ಲ. 42.3 ಎಂಬ ಅಂಕಿಯನ್ನು ನೂರಕ್ಕೆ ನಲವತ್ತೆರಡು ಕಾಂಡ ಸತ್ತವು ಎಂದು ಓದಬಾರದು. ಮಳೆ ತಪ್ಪಿಸದ ತಾಕುಗಳಲ್ಲೂ ಕಾಂಡ ಸಾಯುತ್ತವೆ; ಅಲ್ಲಿ 100 ಸಾಯುವ ಅವಧಿಯಲ್ಲಿ ಇಲ್ಲಿ 142 ಎಂದು ಅರ್ಥ.

ಮೂರು ಜಾತಿಗಳು ಮೂರು ಬಗೆಯಲ್ಲಿ ನಡೆದುಕೊಂಡದ್ದಕ್ಕೆ ಕಾರಣದ ಒಂದು ಎಳೆ ಕಟ್ಟಿಗೆಯೊಳಗಿದೆ. ಮಣ್ಣು ಒಣಗಿದಂತೆ ಮರ ಹೆಚ್ಚು ಬಲದಿಂದ ನೀರೆಳೆಯಬೇಕು. ನೀರಿನ ಎಳೆಯ ಮೇಲಿನ ಬಿಗಿತ ಒಂದು ಮಿತಿ ದಾಟಿದರೆ ಕಟ್ಟಿಗೆಯ ನೀರ್ಗೊಳವೆಯೊಳಗೆ ಗಾಳಿ ನುಗ್ಗಿ ಎಳೆ ತುಂಡಾಗುತ್ತದೆ. ಓಕ್‌ನ ಕೊಳವೆಗಳು ಅಗಲ: ನೀರಿದ್ದಾಗ ಬೇಗ ಸಾಗಿಸುತ್ತವೆ, ಇಲ್ಲದಾಗ ಬೇಗ ಕೆಡುತ್ತವೆ. ಫಿಲಿರಿಯಾದ ಕೊಳವೆಗಳು ಕಿರಿದು. ಓಕ್ ಪತ್ರರಂಧ್ರಗಳ ಬಾಗಿಲು ಹಾಕಿ ಕೂತ ಮೇಲೂ ಫಿಲಿರಿಯಾ ಒಣ ಮಣ್ಣಿನಿಂದ ಹನಿಹನಿ ಎಳೆಯುತ್ತಲೇ ಇರುತ್ತದೆ.

ಬೇಸಿಗೆಯ ಉರಿಯೇ ಕೊಲ್ಲುತ್ತದೆ ಎಂಬ ತಿಳಿವಳಿಕೆಗೆ ಇಲ್ಲಿನ ಅಂಕಿಗಳು ಪೂರ್ತಿ ಒಪ್ಪುವುದಿಲ್ಲ. ಮೂರೂ ಜಾತಿಗಳ ಬೆಳವಣಿಗೆ ವಸಂತದ ಆರಂಭದ ಒಣತನಕ್ಕೆ ತಕ್ಕಂತೆ ಏರಿಳಿಯಿತು. ಓಕ್ ಕಾಂಡಗಳ ಸಾವು ತಾಳೆಯಾದದ್ದು ಚಳಿಗಾಲ ಮತ್ತು ವಸಂತದ ಬರ ಸೂಚ್ಯಂಕದ ಜೊತೆ. ಫಿಲಿರಿಯಾದ ಸಾವು ವಸಂತ ಮತ್ತು ಬೇಸಿಗೆಯ ಜೊತೆ. ಓಕ್ ಎಲೆ ಆಗಸ್ಟಿನಲ್ಲಿ ಕಂದಾಗುತ್ತದೆ, ನಿಜ. ಆದರೆ ಅದಕ್ಕೆ ಕಾರಣ ಜನವರಿಯಿಂದ ಮೇವರೆಗೆ ಬಂಡೆಯೊಳಗೆ ಜಮೆಯಾಗದೆ ಹೋದ ನೀರು. ಕಾಡನ್ನು ನೋಡಿಕೊಳ್ಳುವವರು ಅಕ್ಟೋಬರ್‌ನಿಂದ ಮೇ ತನಕದ ಮಳೆಯ ಮೊತ್ತವನ್ನು ಬರೆದಿಡುತ್ತಾ ಬಂದರೆ ಬೇಸಿಗೆಯ ಗತಿ ಮೂರು ತಿಂಗಳು ಮೊದಲೇ ಗೊತ್ತಾಗುತ್ತದೆ. ಜೂನ್‌ನಲ್ಲಿ ಬೀಳುವ ಒಂದು ಜೋರು ಮಳೆ ತರಗೆಲೆಯನ್ನೂ ಮೇಲ್ಮಣ್ಣನ್ನೂ ನೆನೆಸಿ ಆವಿಯಾಗುತ್ತದೆ, ಬಿರುಕಿಗೆ ಇಳಿಯುವುದಿಲ್ಲ.

ಒಣ ಮಣ್ಣಿನ ಇನ್ನೊಂದು ಪೆಟ್ಟು ನಿಧಾನದ್ದು. ತರಗೆಲೆ ಕೊಳೆಸುವ ಮಣ್ಣಿನ ಕಿಣ್ವಗಳ ಚಟುವಟಿಕೆ ತಗ್ಗಿ ಸಾರಜನಕ, ರಂಜಕಗಳು ಮರದ ಕೈಗೆ ಸಿಗದೆ ಎಲೆಕಸದಲ್ಲೇ ಸಿಕ್ಕಿಕೊಳ್ಳುತ್ತವೆ. ಓಕ್ ಕಾಯಿಯ ಫಸಲೂ ಕುಗ್ಗಿತು.

ಚೇತರಿಕೆಯೋ, ಲೆಕ್ಕದ ಆಟವೋ

2005–06ರಲ್ಲಿ ದೀರ್ಘ ಬರ ಬಂತು. ಅದು ಮುಗಿದ ಮೇಲೆ ಯಾರೂ ಎಣಿಸದ ಸಂಗತಿ ಕಂಡಿತು: ಉಳಿದ ಓಕ್ ಕಾಂಡಗಳು ಮೊದಲಿಗಿಂತ ಚೆನ್ನಾಗಿ ಬೆಳೆದವು, ಸಾವೂ ಕಡಿಮೆಯಾಯಿತು. ವರ್ಷ ಕಳೆದಂತೆ ಪಟ್ಟಿ ಕಟ್ಟಿದ ತಾಕಿಗೂ ಕಟ್ಟದ ತಾಕಿಗೂ ನಡುವಿನ ಅಂತರ ಮಾಸತೊಡಗಿತು. ಕಾಡು ಒಣಹವೆಗೆ ಹೊಂದಿಕೊಂಡಿತು ಎಂದು ಇಲ್ಲಿಗೇ ನಿಲ್ಲಿಸಿದ್ದರೆ ಸುದ್ದಿ ಸಿಹಿಯಾಗಿರುತ್ತಿತ್ತು.

ಹೊಂದಿಕೆ ಸ್ವಲ್ಪ ಇತ್ತು. ಮರದೊಳಗಿನ ನೀರಿನ ಆಮ್ಲಜನಕ ಮತ್ತು ಜಲಜನಕದ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು) ಮಣ್ಣಿನ ನೀರು, ಅಂತರ್ಜಲ ಎರಡರ ಜೊತೆ ತಾಳೆನೋಡಿದರೆ ಮರ ಯಾವ ಆಳದಿಂದ ಕುಡಿಯುತ್ತಿದೆ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ಈ ಮರಗಳು ತೇವದ ತಿಂಗಳುಗಳಲ್ಲಿ ಮಣ್ಣಿನಿಂದ, ಬೇಸಿಗೆಯಲ್ಲಿ ಹೆಚ್ಚಾಗಿ ಅಂತರ್ಜಲದಿಂದ ಕುಡಿಯುತ್ತವೆ. ಹನ್ನೆರಡು ವರ್ಷ ಮಳೆ ತಪ್ಪಿಸಿದ ತಾಕುಗಳಲ್ಲಿ ತೇವದ ಕಾಲದ ಸೇವನೆ 10ರಿಂದ 35 ಸೆಂ.ಮೀ. ಆಳದ ಪದರಕ್ಕೆ ಇಳಿದಿತ್ತು, ಬೇಸಿಗೆಯಲ್ಲಿ ಅಂತರ್ಜಲದ ಪಾಲು ಕಡಿಮೆಯಾಗಿತ್ತು. ಸಣ್ಣ ಬೇರುಗಳು ಜಾಗ ಬದಲಿಸಿದ್ದವು.

ಉಳಿದದ್ದು ಹಂಚಿಕೆಯ ಲೆಕ್ಕ. ಪಕ್ಕದ ಕಾಂಡ ಸತ್ತರೆ ಅದರ ಪಾಲಿನ ನೀರು ಬದುಕಿದ್ದಕ್ಕೆ ಸಿಗುತ್ತದೆ. ಹತ್ತು ಜನ ಉಣ್ಣುವ ಅನ್ನ ಏಳು ಜನರಿಗಾದಾಗ ಪ್ರತಿಯೊಬ್ಬರ ತಟ್ಟೆ ತುಂಬಿ ಕಾಣುತ್ತದೆ. ಅದನ್ನು ಸುಭಿಕ್ಷ ಎನ್ನುವುದಿಲ್ಲ. ಪ್ರತಿ ಕಾಂಡದ ಬೆಳವಣಿಗೆಯನ್ನಷ್ಟೇ ಹಿಡಿದರೆ ಚೇತರಿಕೆ ಕಾಣುತ್ತದೆ. ಹೆಕ್ಟೇರಿನ ಒಟ್ಟು ಓಕ್ ಕಟ್ಟಿಗೆಯನ್ನು, ಸತ್ತದ್ದನ್ನೂ ಕಳೆದು, ಹಿಡಿದರೆ ಚಿತ್ರ ಬೇರೆ. ಇಂಥ ವರದಿ ಕೈಗೆ ಬಂದಾಗ ಅಂಕಿ ಕಾಂಡಕ್ಕೋ ಹೆಕ್ಟೇರಿಗೋ ಎಂದು ಮೊದಲು ಕೇಳಬೇಕು.

2011ರಲ್ಲಿ ಬಂದ ತೀವ್ರ ಬರ ಹೊಂದಿಕೆಯ ಮಿತಿಯನ್ನು ತೋರಿಸಿಬಿಟ್ಟಿತು. ಆಳದ ಮಣ್ಣು ಮತ್ತು ಅಂತರ್ಜಲ ಎರಡರಿಂದಲೂ ಮರಕ್ಕೆ ಸಿಗುವ ಪಾಲು ಇನ್ನಷ್ಟು ಇಳಿಯಿತು. ಕಾಡಿನಾದ್ಯಂತ ಮರ ಸತ್ತವು, ಎಲೆ ಬೋಳಾಯಿತು, ಮಳೆ ತಪ್ಪಿಸಿದ ತಾಕುಗಳಲ್ಲಿ ಬೋಳಾಗಿದ್ದು ಹೆಚ್ಚು. ನಿಧಾನದ ಒಣತನವನ್ನು ಬೇರು ಸರಿಸಿ ನಿಭಾಯಿಸಿದ ಮರಕ್ಕೆ ಒಮ್ಮೆಲೇ ಬಂದ ಬರವನ್ನು ಎದುರಿಸಲು ಠೇವಣಿ ಉಳಿದಿರಲಿಲ್ಲ.

ದಕ್ಷಿಣ ಫ್ರಾನ್ಸಿನ ಪ್ಯುಎಶಾಬೋಂನಲ್ಲಿ 2003ರಿಂದ ಇದೇ ಮರದ ಕಾಡಿನಲ್ಲಿ, ಎಲೆಗಳ ನಡುವಿಂದ ಇಳಿವ ಮಳೆಯ ಶೇ 27ರಷ್ಟನ್ನು ತಪ್ಪಿಸಿದ್ದಾರೆ. ಅಲ್ಲಿಯೂ ಮರ ಮೊದಲು ಮಾಡಿದ್ದು ಎಲೆಯ ಒಟ್ಟು ಹರವು ಕುಗ್ಗಿಸುವುದು.

ಕಂದು ಎಲೆ ಕಂಡಾಗ

ಓಕ್ ತಲೆ ಕಂದಾದದ್ದೆಲ್ಲ ಬರದ ಕೆಲಸವಲ್ಲ. ಹಸಿರು ತಲೆಯ ನಡುವೆ ಅಲ್ಲೊಂದು ಇಲ್ಲೊಂದು ಕೊಂಬೆ ಮಾತ್ರ ಪೂರ್ತಿ ಕೆಂಪಾಗಿದ್ದರೆ ಆ ಕೊಂಬೆಯ ಬುಡದಲ್ಲಿ ತೊಗಟೆ ಸುಲಿದು ನೋಡಿ: ಸುತ್ತಲೂ ಉಂಗುರದಂತೆ ಕೊರೆದ ದಾರಿ ಕಂಡರೆ ಅದು ಕೊರೀಬಸ್ ಫ್ಲೊರೆಂಟಿನಸ್ ಎಂಬ ದುಂಬಿಯ ಮರಿಹುಳು. ಕಾಂಡದ ತೊಗಟೆ ಬಿರಿದು ಇದ್ದಿಲು ಬಳಿದಂಥ ಕಪ್ಪು ಹೊರಪದರ ಕಂಡರೆ ಅದು ಬಿಸ್ಕೊನ್ಯಾಕ್ಸಿಯಾ ಶಿಲೀಂಧ್ರ. ಮೊದಲೇ ಒಳಗೆ ಸುಮ್ಮನಿದ್ದು, ಮರ ನೀರಿಲ್ಲದೆ ಸೋತಾಗ ಮೇಲೇಳುತ್ತದೆ. ಸ್ಪೇನಿನ ನೈರುತ್ಯದ ಹುಲ್ಲುಗಾವಲು ಓಕ್‌ಗಳನ್ನು ಕೊಲ್ಲುತ್ತಿರುವ ಫೈಟೊಫ್ಥೊರಾ ಸಿನ್ನಮೊಮಿ ಬೇರು ಕೊಳೆಸುವ ರೋಗ. ಅದು ಹರಡುವುದು ನೀರು ನಿಲ್ಲುವ ಮಣ್ಣಿನಲ್ಲಿ. ಸಣ್ಣ ಬೇರು ಹೋದ ಮರ ಮುಂದಿನ ಒಣಗಾಲ ತಡೆಯುವುದಿಲ್ಲ. ಮೂರಕ್ಕೂ ಬರವೆಂದು ಒಂದೇ ಹೆಸರಿಟ್ಟರೆ ಚಿಕಿತ್ಸೆ ತಪ್ಪುತ್ತದೆ.

ಬರವೇ ಆಗಿದ್ದರೆ ಕಂದು ಬಣ್ಣ ತೇಪೆತೇಪೆಯಾಗಿ, ಮಣ್ಣು ತೆಳುವಾದ ಏಣುಗಳಲ್ಲಿ ಮೊದಲು ಕಾಣುತ್ತದೆ. ಸೂರ್ಯೋದಯಕ್ಕೆ ಮುಂಚೆ ರೆಂಬೆ ಕತ್ತರಿಸಿ ಒತ್ತಡ ಕೋಶದಲ್ಲಿ (ರೆಂಬೆಯೊಳಗಿನ ನೀರಿನ ಬಿಗಿತ ಅಳೆಯುವ ಉಪಕರಣ) ಅಳೆದರೆ ಬೇರಿಗೆ ಎಷ್ಟು ನೀರು ಸಿಗುತ್ತಿದೆ ಎಂದು ತಿಳಿಯುತ್ತದೆ. ಮಧ್ಯಾಹ್ನದ ಅಳತೆಯೊಂದೇ ಇದ್ದರೆ ಬಿಸಿಲಿನ ಎಳೆತವೂ ಅದರಲ್ಲಿ ಸೇರಿರುತ್ತದೆ. ಒಣಗಿದಂತೆ ಕಂಡ ಮರವನ್ನು ಆಗಸ್ಟಿನಲ್ಲೇ ಸತ್ತಿತೆಂದು ಬರೆಯಬೇಡಿ. ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರು, ತೇವ ಇದೆಯೇ ನೋಡಿ, ಮುಂದಿನ ವರ್ಷದ ಜೂನ್ ತನಕ ಕಾದು ಬುಡದ ಚಿಗುರು ಎಣಿಸಿ. ಚಿಗುರು ಬರುವುದು ಬುಡದ ಗಂಟಿನಲ್ಲಿ ಕೂಡಿಟ್ಟ ಪಿಷ್ಟದಿಂದ. ಎರಡು ಬರಗಳ ನಡುವೆ ಅದನ್ನು ಮತ್ತೆ ತುಂಬಿಕೊಳ್ಳಲು ವರ್ಷಗಳು ಸಿಗದಿದ್ದರೆ ಎರಡನೆಯ ಸಲ ಚಿಗುರು ಬಡವಾಗಿರುತ್ತದೆ.

ಕಾಂಡ ತೆಳುಗೊಳಿಸುವುದು

ಬಾಯಿ ಕಡಿಮೆಯಾದರೆ ನೀರು ಉಳಿಯುತ್ತದೆ ಎಂದು ಬರವೇ ತೋರಿಸಿಕೊಟ್ಟಿದೆ. ಅದನ್ನು ಕೈಯಾರೆ ಮಾಡುವುದು ಕೂಳೆ ಕಾಡುಗಳಲ್ಲಿ ಹಳೆಯ ಪದ್ಧತಿಯೇ: ಪ್ರತಿ ಬುಡದಲ್ಲಿ ನೆಟ್ಟಗಿನ, ತಲೆ ಮೇಲೆ ಬೆಳಕು ಕಂಡ ಎರಡು ಮೂರು ಕಾಂಡ ಉಳಿಸಿ ಮಿಕ್ಕವನ್ನು ಚಳಿಗಾಲದಲ್ಲಿ ತೆಗೆಯುವುದು. ಒಂದೇ ಸಲಕ್ಕೆ ಕಾಂಡಗಳ ಒಟ್ಟು ಅಡ್ಡಕೊಯ್ತದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಕ್ಷೇಮ. ಎಣಿಕೆ ಮೇಲೆ ಹೋದರೆ ಮೋಸ ಹೋಗುತ್ತೀರಿ. 10 ಸೆಂ.ಮೀ. ವ್ಯಾಸದ ಒಂದು ಕಾಂಡದ ಅಡ್ಡಕೊಯ್ತ 5 ಸೆಂ.ಮೀ.ನ ನಾಲ್ಕಕ್ಕೆ ಸಮ. ಸಣ್ಣವನ್ನೇ ನೂರು ಕಡಿದರೂ ನೀರಿನ ಖರ್ಚು ಅಷ್ಟೇನೂ ಇಳಿಯುವುದಿಲ್ಲ.

ಅತಿಯಾಗಿ ಕಡಿದರೆ ತೊಂದರೆ ಬೇರೆ. ನೆಲಕ್ಕೆ ಬಿಸಿಲು ಬಿದ್ದು ಬುಡಗಳು ಮತ್ತೆ ಪೊದೆಯಂತೆ ಚಿಗುರುತ್ತವೆ, ಕೆಲವೇ ವರ್ಷಗಳಲ್ಲಿ ಎಲೆಯ ಹರವು ಮೊದಲಿನಷ್ಟೇ ಆಗುತ್ತದೆ, ಜೊತೆಗೆ ನೆಲದಿಂದ ತಲೆವರೆಗೆ ಬೆಂಕಿ ಹತ್ತಲು ಮೆಟ್ಟಿಲು ಸಿದ್ಧ. ಕಡಿದ ಸೊಪ್ಪುಸದೆಯನ್ನು ಮೊಣಕಾಲಿಗಿಂತ ತಗ್ಗಾಗಿ ತುಂಡರಿಸಿ ನೆಲಕ್ಕೆ ಒತ್ತದಿದ್ದರೆ ಮೊದಲ ಬೇಸಿಗೆಯೇ ಅಪಾಯದ್ದು. ನೆರಳು ಸಾಕಷ್ಟು ಉಳಿದಿದ್ದರೆ ಹೊಸ ಚಿಗುರು ತಾನಾಗಿ ಸೊರಗುತ್ತದೆ. ಕೆಲಸವಂತೂ ಒಮ್ಮೆಗೆ ಮುಗಿಯುವುದಿಲ್ಲ, ಕಟ್ಟಿಗೆಯ ಬೆಲೆಯಲ್ಲಿ ಕೂಲಿ ಹುಟ್ಟದ ಇಳಿಜಾರುಗಳೇ ಹೆಚ್ಚು. ಶಿಫಾರಸು ಮಾಡುವವರು ಮರೆಯುವುದು ಇದನ್ನೇ.

ನಕ್ಷೆಯಲ್ಲಿ ಕಾಣದ ಬದಲಾವಣೆ

ಅದೇ ಪ್ರಾದೆಸ್ ಬೆಟ್ಟದಲ್ಲಿ ಸ್ಕಾಟ್ಸ್ ಪೈನ್ ಮರಗಳಿವೆ. ತಂಪು ಬೇಡುವ ಆ ಮರ ಬರಗಳಿಗೆ ಸಿಕ್ಕಿ ಸಾಯುತ್ತಿದೆ, ಅದರ ನೆರಳಿನಲ್ಲಿ ಜೇ ಹಕ್ಕಿಗಳು ಹೂತಿಟ್ಟು ಮರೆತ ಕಾಯಿಗಳಿಂದ ಎದ್ದ ಹೋಮ್ ಓಕ್ ಜಾಗ ಹಿಡಿಯುತ್ತಿದೆ. ಅಂದರೆ ಬೆಟ್ಟದ ಒಂದು ಕಡೆ ಬರದಿಂದ ಓಕ್ ಗೆಲ್ಲುತ್ತಿದೆ, ಇನ್ನೊಂದು ಕಡೆ ಫಿಲಿರಿಯಾಕ್ಕೆ ಸೋಲುತ್ತಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಓಕ್ ಮತ್ತು ಫಿಲಿರಿಯಾ ಎರಡೂ ವರ್ಷವಿಡೀ ಇರುವ ಅದೇ ಕಡುಹಸಿರು, ಆದ್ದರಿಂದ ಕಾಡಿನ ವಿಸ್ತೀರ್ಣದ ಅಂಕಿಯಲ್ಲಿ ಈ ಸೋಲು ದಾಖಲಾಗುವುದಿಲ್ಲ. ನೆಲದ ಮೇಲೆ ನಡೆದು ರೆಂಬೆ ಹಿಡಿದು ನೋಡಬೇಕು: ಎಲೆಗಳು ಎದುರುಬದುರು ಜೋಡಿಯಾಗಿದ್ದರೆ ಫಿಲಿರಿಯಾ, ಒಂದರ ನಂತರ ಒಂದು ಪರ್ಯಾಯವಾಗಿದ್ದು ಅಡಿಯಲ್ಲಿ ಬೂದು ರೋಮವಿದ್ದರೆ ಓಕ್.